ಅಮ್ಮನ ಮಿಷನ್ನಿಗೆ ಹಾಕಿದ ಎಣ್ಣೆ

ಮುಂಬಯಿಯಲ್ಲಿ ನೆಲೆಸಿದ ನಮ್ಮವರ ಅನೇಕ ಮನೆಗಳಲ್ಲಿ ಹಳೆಯ ಹೊಲಿಗೆ ಮಿಷನ್ನೊಂದು ಯಾವುದಾದರೂ ಮೂಲೆಯಲ್ಲಿ ನಿಂತಿರುತ್ತದೆ. ಅದರ ಮೇಲೊಂದು ಕಸೂತಿಯ ಬಟ್ಟೆ, ಬಟ್ಟೆಯ ಮೇಲೆ ಹೂದಾನಿ, ಕೆಳಗೆ ಕಾಲಿನ ಮೆಟ್ಟಿನ ಮೇಲೆ ಮಕ್ಕಳ ಚಪ್ಪಲಿ. ಅಂಥದ್ದು ಕಂಡರೆ ಮನೆಯವರ ಅಪ್ಪಣೆಗೂ ಕಾಯದೆ ನಮ್ಮ ಕೈ ಅದರ ಚಕ್ರದತ್ತ ಹೋಗುತ್ತದೆ. ಹಗುರವಾಗಿ ತಿರುಗಿದರೆ ಸಂತೋಷ. ಬಿಗಿಯಾಗಿದ್ದರೆ, ಚಹಾ ಬರುವಷ್ಟರಲ್ಲಿ "ಸೀಮೆಎಣ್ಣೆ ಇದೆಯೇ?" ಎಂದು ಕೇಳಿಬಿಡುತ್ತೇವೆ. ಈಗ ಸೀಮೆಎಣ್ಣೆ ಯಾರ ಮನೆಯಲ್ಲಿದೆ! ಆದರೂ ಚಟ ಬಿಟ್ಟಿಲ್ಲ.

ನಾವೆಂದರೆ ಅಕ್ಕ, ಅಣ್ಣ ಮತ್ತು ಇದನ್ನು ಬರೆಯುತ್ತಿರುವ ಕಿರಿಯವನು. ತಪ್ಪು ಮೂವರದೂ ಆದ್ದರಿಂದ ಮೂವರ ಪರವಾಗಿ ಬರೆಯುವುದೇ ನ್ಯಾಯ.

ಅಪ್ಪಯ್ಯ ಕುಂದಾಪುರದ ಕಡೆಯವರು. ಹದಿನೆಂಟನೆಯ ವಯಸ್ಸಿಗೆ ಮುಂಬಯಿಗೆ ಬಂದು, ಬಟ್ಟೆ ಗಿರಣಿಯೊಂದರಲ್ಲಿ ಸೇರಿ, ಮಗ್ಗದ ಖಾತೆಯಲ್ಲಿ ಜಾಬರ್ ಆಗುವವರೆಗೆ ಏರಿದವರು. ನೂರಾರು ಮಗ್ಗಗಳ ಗದ್ದಲದ ನಡುವೆ ನಿಂತು, ಸದ್ದು ಕೇಳಿಯೇ ಯಾವ ಸಾಲಿನ ಯಾವ ಮಗ್ಗ ಕೆಟ್ಟಿದೆಯೆಂದು ಹೇಳುತ್ತಿದ್ದರಂತೆ. ಲಾಲ್‌ಬಾಗಿನ ಚಾಳಿನ ನಮ್ಮ ಒಂದೇ ಖೋಲಿಯಲ್ಲಿ, ಕಿಟಕಿಯ ಕೆಳಗೆ, ಅಮ್ಮನ ಕಪ್ಪು ಉಷಾ ಮಿಷನ್ ಇತ್ತು. ಅದನ್ನು ಅಪ್ಪಯ್ಯ ಯಂತ್ರವೆಂದೇ ಲೆಕ್ಕಿಸಿರಲಿಲ್ಲ. "ನಿಮ್ಮಮ್ಮನ ಆಟಿಕೆ" ಎನ್ನುತ್ತಿದ್ದರು. ಗಾಂಧೀಜಿಯವರು 1924ರಲ್ಲಿ ಯಂತ್ರಗಳ ವಿಷಯ ಮಾತನಾಡುವಾಗ ಹೊಲಿಗೆ ಯಂತ್ರಕ್ಕೆ ವಿನಾಯಿತಿ ಕೊಟ್ಟಿದ್ದರೆಂದು ಅಮ್ಮ ಎಲ್ಲೋ ಕೇಳಿ ತಿಳಿದಿದ್ದಳು. ಆಟಿಕೆಯ ಮಾತು ಬಂದಾಗಲೆಲ್ಲ ಮಹಾತ್ಮರನ್ನೇ ಮುಂದೆ ನಿಲ್ಲಿಸುತ್ತಿದ್ದಳು.

1982ರ ಜನವರಿ 18ರಂದು ಗಿರಣಿಗಳ ಮುಷ್ಕರ ಆರಂಭವಾಯಿತು. ಡಾ. ದತ್ತಾ ಸಾಮಂತರ ಮುಂದಾಳುತನದಲ್ಲಿ ಸುಮಾರು ಎರಡೂವರೆ ಲಕ್ಷ ಕಾರ್ಮಿಕರು ಹೊರಗೆ ಬಂದರು. ತಿಂಗಳೆರಡು ತಿಂಗಳಲ್ಲಿ ಮುಗಿದೀತೆಂದು ಎಲ್ಲರ ಲೆಕ್ಕ. ಮಳೆಗಾಲ ಬಂತು. ಅನೇಕರು ಊರಿಗೆ ಹೋದರು. ಅಪ್ಪಯ್ಯನೂ ಹೋಗಿ ನಾಟಿ ಮುಗಿಸಿ ಬಂದರು. ಗಿರಣಿಯ ಬಾಗಿಲು ಮಾತ್ರ ತೆರೆಯಲಿಲ್ಲ. ದಿನವಿಡೀ ಚಾಳಿನ ಮೊಗಸಾಲೆಯಲ್ಲಿ ಕೂತು, ಓದಿದ ಪತ್ರಿಕೆಯನ್ನೇ ತಿರುಗಿಸಿ ಓದುತ್ತಿದ್ದರು. ಮಾತು ಕಡಿಮೆಯಾಯಿತು.

ಆಗ ಮನೆ ನಡೆದದ್ದು ಲಂಗಗಳಿಂದ. ದಾದರಿನ ವ್ಯಾಪಾರಿಯೊಬ್ಬ ಕತ್ತರಿಸಿದ ಬಟ್ಟೆ ಕೊಡುತ್ತಿದ್ದ. ಅಮ್ಮ ಡಜನ್ ಲೆಕ್ಕದಲ್ಲಿ ಹೊಲಿದುಕೊಡುತ್ತಿದ್ದಳು. ನಾವು ಲಾಡಿ ಪೋಣಿಸುವವರು, ಮಡಚುವವರು, ಗಂಟು ಹೊತ್ತು ದಾದರಿಗೆ ನಡೆಯುವವರು.

1983ರ ಜನವರಿಯ ಆರಂಭದಲ್ಲಿ ಮಿಷನ್ ಎಣ್ಣೆ ಮುಗಿಯಿತು. ಅಮ್ಮ ಸೀಸೆ ಮತ್ತು ಚಿಲ್ಲರೆ ಕೈಗೆ ಕೊಟ್ಟು ಕಳಿಸಿದಳು. ಸಂಕ್ರಾಂತಿ ಹತ್ತಿರವಿತ್ತು. ಆ ದಿನಗಳಲ್ಲಿ ಮುಂಬಯಿಯ ಆಕಾಶವೆಲ್ಲ ಗಾಳಿಪಟ. ಒಂದು ವರ್ಷದಿಂದ ನಮ್ಮ ಕೈಗೆ ಒಂದು ಪೈಸೆ ಬಂದಿರಲಿಲ್ಲ. ಚಿಲ್ಲರೆ ಎರಡು ಗಾಳಿಪಟವಾಯಿತು, ಒಂದಿಷ್ಟು ಮಾಂಜಾ ಆಯಿತು. ಸೀಸೆಗೆ ಮನೆಯ ಡಬ್ಬಿಯಿಂದಲೇ ತೆಂಗಿನೆಣ್ಣೆ ತುಂಬಿದೆವು. ಎಣ್ಣೆ ಎಂದರೆ ಎಣ್ಣೆಯಲ್ಲವೇ! ಪಾಪಪ್ರಜ್ಞೆಯಿಂದಲೋ ಏನೋ, ಅಮ್ಮನ ಕೆಲಸ ಹಗುರ ಮಾಡುವಂತೆ ಮಿಷನ್ನಿಗೆ ನಾವೇ ಎಣ್ಣೆ ಬಿಟ್ಟೆವು. ಕಂಡ ತೂತಿಗೆಲ್ಲ ಬಿಟ್ಟೆವು, ತೂತಲ್ಲದ ಕಡೆಗೂ ಬಿಟ್ಟೆವು. ಮನೆಯೆಲ್ಲ ಸದಾ ತೆಂಗಿನೆಣ್ಣೆಯ ವಾಸನೆ ಇರುತ್ತಿದ್ದ ನಮ್ಮಂಥವರ ಖೋಲಿಯಲ್ಲಿ ಅದನ್ನು ಯಾರು ಗುರುತಿಸಬೇಕು?

ಒಂದು ವಾರದಲ್ಲಿ ಮಿಷನ್ ಬೆಳಗಿನ ಹೊತ್ತು ಮುಷ್ಕರ ಹೂಡತೊಡಗಿತು. ಮೆಟ್ಟು ತುಳಿದರೆ ಚಕ್ರ ಏಳುತ್ತಿರಲಿಲ್ಲ. ಮಧ್ಯಾಹ್ನ ಸ್ವಲ್ಪ ಸಡಿಲ. ತನ್ನ ಮೊಣಕಾಲಿನದೇ ದೋಷವೆಂದು ಅಮ್ಮ ತಿಳಿದಳು. ರಾತ್ರಿಯ ಮಂದ ಬೆಳಕಿನಲ್ಲಿ ಮೇಲಿನ ಹೊಲಿಗೆ ನೇರವಾಗಿಯೇ ಕಾಣುತ್ತಿತ್ತು. ವ್ಯಾಪಾರಿ ಲಂಗವನ್ನು ತಿರುವಿ ಒಳಮಗ್ಗುಲು ತೋರಿಸಿದ. ಅಲ್ಲಿ ದಾರ ಕುಣಿಕೆ ಕುಣಿಕೆಯಾಗಿ ಜೋತಾಡುತ್ತಿತ್ತು. ಮೂರು ಡಜನ್ ಲಂಗ ಗಂಟುಕಟ್ಟಿ ಹಿಂದಕ್ಕೆ ಬಂತು. ಹಣವಿಲ್ಲ. ಸರಿಮಾಡಿ ತಂದರೆ ಮಾತ್ರ ಮುಂದಿನ ಬಟ್ಟೆ. ಆ ರಾತ್ರಿ ಎಲ್ಲರೂ ಕೂತು ಬ್ಲೇಡಿನಿಂದ ಹೊಲಿಗೆ ಬಿಚ್ಚಿದೆವು. ಯಾರೂ ಯಾರ ಮುಖವನ್ನೂ ನೋಡಲಿಲ್ಲ.

ಮರುದಿನ ಅಮ್ಮ ದಾರದ ಬಿಗಿಯ ತಿರುಪನ್ನು ಎಷ್ಟು ತಿರುಗಿಸಿದರೂ ಕುಣಿಕೆ ನಿಲ್ಲಲಿಲ್ಲ. ಕೊನೆಗೆ ಮೊಗಸಾಲೆಗೆ ಹೋಗಿ, "ಇದನ್ನೊಂದು ಚೂರು ನೋಡಿ, ನನಗೆ ತಿಳಿಯುವುದಿಲ್ಲ" ಎಂದಳು. ಅಪ್ಪಯ್ಯ ಪತ್ರಿಕೆ ಮಡಚಿಟ್ಟು ಒಳಗೆ ಬಂದರು.

ಆ ಹೊತ್ತು ಅವರು ಮಾಡಿದ್ದೆಲ್ಲ ನಮಗೆ ಇಂದಿಗೂ ಬಾಯಿಪಾಠ. ಮೊದಲು ಸೂಜಿ ಕಳಚಿದರು. ಬಟ್ಟೆಯನ್ನು ಒತ್ತಿಹಿಡಿಯುವ ಪಾದ ತೆಗೆದರು. ಸೂಜಿಯ ಕೆಳಗಿನ ತಗಡಿನ ಎರಡು ತಿರುಪು ಬಿಚ್ಚಿದರು. ಬಟ್ಟೆಯನ್ನು ಮುಂದೆ ತಳ್ಳುವ ಹಲ್ಲುಗಳ ನಡುವೆ ನೂಲಿನ ಧೂಳು ಎಣ್ಣೆಯೊಡನೆ ಸೇರಿ ಕಂಬಳಿಯಂತೆ ಕೂತಿತ್ತು. ಚಿಟಿಕೆ ತೆಗೆದು ಬೆರಳಲ್ಲಿ ಉಜ್ಜಿ, ಮೂಗಿನ ಬಳಿ ಹಿಡಿದು, ನಮ್ಮ ಕಡೆ ನೋಡಿದರು.

"ಎಂತ ಹಾಕಿದ್ರಿ ಮಕ್ಕಳೇ ಇದಕ್ಕೆ?"

ನಾವು ಮೂವರೂ ಗೋಡೆಯಾದೆವು. ಅವರು ಎರಡನೆಯ ಸಲ ಕೇಳಲಿಲ್ಲ.

ತೆಂಗಿನೆಣ್ಣೆ ಚಳಿಗೆ ಹೆಪ್ಪುಗಟ್ಟುತ್ತದೆ. ಸಂದುಗಳಲ್ಲಿ ಕೂತು ಧೂಳು ಹಿಡಿಯುತ್ತದೆ. ಅದಕ್ಕಿಂತ ದೊಡ್ಡ ಅಪಚಾರ ಇನ್ನೊಂದಿತ್ತು. ಮೇಲಿನ ದಾರ ಎರಡು ಪುಟ್ಟ ಬಿಲ್ಲೆಗಳ ನಡುವೆ ಒತ್ತಿಸಿಕೊಂಡು ಹಾದುಬರಬೇಕು. ದಾರಕ್ಕೆ ಬಿಗಿ ಬರುವುದೇ ಆ ಒತ್ತಡದಿಂದ. ಆ ಬಿಲ್ಲೆಗಳಿಗೆ ಯಾವ ಎಣ್ಣೆಯೂ ತಾಗಕೂಡದು. ನಾವು ಅಲ್ಲಿಗೂ ಧಾರಾಳವಾಗಿ ಬಿಟ್ಟಿದ್ದೆವು. ಮೇಣದಂತಾದ ಕೊಳೆ ಬಿಲ್ಲೆಗಳನ್ನು ಕೂಡಗೊಡದೆ ಅಗಲಿಸಿ ಹಿಡಿದಿತ್ತು. ತಿರುಪು ತಿರುಗಿಸಿ ಏನು ಪ್ರಯೋಜನ? ಕೆಳಗೆ ಕುಣಿಕೆ ಬಿದ್ದರೆ ದೋಷ ಸಾಮಾನ್ಯವಾಗಿ ಮೇಲಿನ ದಾರದಲ್ಲಿರುತ್ತದೆ ಎಂಬುದನ್ನು ಹೊಸಬರು ನಂಬುವುದೇ ಇಲ್ಲ. ಕಾಣುವ ಕಡೆಯನ್ನೇ ಕೆದಕುತ್ತಾರೆ.

ಹಳೆಯ ಹಲ್ಲುಜ್ಜುವ ಬ್ರಷ್ಷಿಗೆ ಸೀಮೆಎಣ್ಣೆ ಮುಟ್ಟಿಸಿ ಅಪ್ಪಯ್ಯ ಸಂದುಸಂದನ್ನೂ ತೊಳೆದರು. ಚಕ್ರವನ್ನು ತಮ್ಮ ಕಡೆಗೇ ತಿರುಗಿಸುತ್ತ ಹೋದರು. ಮುಂದಕ್ಕೆ ತಿರುಗಿಸಿದರೆ ದಾರ ಕೆಳಗೆ ಸಿಕ್ಕಾಗುತ್ತದೆ; ಮೆಟ್ಟು ತುಳಿಯುವಾಗಲೂ ಅದೇ ಎಚ್ಚರ ಬೇಕು. ಬಿಲ್ಲೆಗಳ ನಡುವೆ ಪಂಚೆಯ ಚೂರನ್ನು ಎಳೆದಾಡಿಸಿ ಒಣಗಿಸಿದರು. ಆಮೇಲೆ ಪಕ್ಕದ ಖೋಲಿಯಿಂದ ತಂದ ನಿಜವಾದ ಮಿಷನ್ ಎಣ್ಣೆ, ತೂತಿಗೊಂದೇ ತೊಟ್ಟು. ಬೇಡದ ಬಟ್ಟೆಯ ಮೇಲೆ ದಾರವಿಲ್ಲದೆ ಹತ್ತು ನಿಮಿಷ ಓಡಿಸಿದ್ದರಿಂದ ಹೆಚ್ಚಾದ ಎಣ್ಣೆಯೆಲ್ಲ ಆ ಚಿಂದಿಗೇ ಹೋಯಿತು.

ಪರೀಕ್ಷೆಗೆ ಮೇಲೆ ಕಪ್ಪು ದಾರ, ಬಾಬಿನ್ನಿನಲ್ಲಿ ಬಿಳಿ ದಾರ ಹಾಕಿದರು. ದಾರ ಪೋಣಿಸುವಾಗ ಪಾದ ಮೇಲಕ್ಕೆತ್ತಿರಬೇಕು, ಆಗಲೇ ಬಿಲ್ಲೆಗಳು ಬಾಯಿಬಿಟ್ಟು ದಾರವನ್ನು ಒಳಗೆ ತೆಗೆದುಕೊಳ್ಳುತ್ತವೆ. ಸೂಜಿಯ ಒಂದು ಮಗ್ಗುಲಲ್ಲಿ ಉದ್ದಕ್ಕೆ ಗೀರಿರುತ್ತದೆ, ಆ ಕಡೆಯಿಂದಲೇ ದಾರ ಕಣ್ಣಿಗೆ ಹೋಗಬೇಕು. ಹೊಲಿದ ಚಿಂದಿಯನ್ನು ಬೆಳಕಿಗೆ ಹಿಡಿದರು. ಮೇಲೆ ಬಿಳಿ ಚುಕ್ಕೆಯಿಲ್ಲ, ಕೆಳಗೆ ಕಪ್ಪು ಚುಕ್ಕೆಯಿಲ್ಲ. ಎರಡು ದಾರಗಳ ಗಂಟು ಬಟ್ಟೆಯ ಮೈಯೊಳಗೆ ಅಡಗಿತ್ತು. ಅಮ್ಮನ ಕೈಗೆ ಕೊಟ್ಟು, "ಆಟಿಕೆ ಪರವಾಗಿಲ್ಲ" ಎಂದರು. ಒಂದು ವರ್ಷದಲ್ಲಿ ಅವರು ನಕ್ಕದ್ದನ್ನು ನಾವು ಆಗಲೇ ಕಂಡದ್ದು.

ಮೂರು ಡಜನ್ ಲಂಗ ನಾಲ್ಕು ದಿನದಲ್ಲಿ ದಾದರಿಗೆ ಹೋಯಿತು. ಸುದ್ದಿ ಚಾಳಿನಲ್ಲಿ ಹರಡಿತು. ಮೇಲಿನ ಮಹಡಿಯವರ ಮಿಷನ್, ಎದುರು ಚಾಳಿನ ದರ್ಜಿಯ ಮಿಷನ್, ಹೀಗೆ ಒಂದೊಂದೇ ಅಪ್ಪಯ್ಯನ ಕೈಗೆ ಬಂತು. ಮುಷ್ಕರ ಅಧಿಕೃತವಾಗಿ ಮುಗಿಯಲೇ ಇಲ್ಲ. ಗಿರಣಿ ಕೆಲವರನ್ನು ಕರೆಯಿತು, ಅವರನ್ನು ಕರೆಯಲಿಲ್ಲ. ಎರಡು ಸ್ಕ್ರೂಡ್ರೈವರ್, ಪಕ್ಕಡ್, ಬ್ರಷ್, ಸೂಜಿಗಳ ಪೊಟ್ಟಣ, ಎರಡು ಸೀಸೆ — ಇಷ್ಟನ್ನು ಚೀಲದಲ್ಲಿಟ್ಟುಕೊಂಡು ಪರೇಲಿನಿಂದ ಭಾಯಖಳಾದವರೆಗೆ ಇಪ್ಪತ್ತು ವರ್ಷ ತಿರುಗಿದರು. ಹೊಲಿಗೆ ಕೆಟ್ಟರೆ ಮೊದಲು ದಾರವನ್ನು ಬಿಚ್ಚಿ ಪುನಃ ಪೋಣಿಸು, ಆಮೇಲೆ ಸೂಜಿ ಬದಲಿಸು, ತಿರುಪಿಗೆ ಕೈಹಾಕುವುದು ಕೊನೆಗೆ ಎಂಬುದು ಅವರ ಕ್ರಮ. ಅರ್ಧಕ್ಕರ್ಧ ಮಿಷನ್ನುಗಳು ಮೊದಲೆರಡರಲ್ಲೇ ಸರಿಯಾಗುತ್ತಿದ್ದವು. ಅಂಥವಕ್ಕೆ ಹಣ ತೆಗೆದುಕೊಳ್ಳುತ್ತಿರಲಿಲ್ಲ. ಇದಕ್ಕೆ ಅಮ್ಮನ ಆಕ್ಷೇಪವಿತ್ತು, ನಮ್ಮದೂ ಇತ್ತು.

ಅಪ್ಪಯ್ಯ 2004ರಲ್ಲಿ ತೀರಿಕೊಂಡರು. ಅವರ ವರ್ಷಾಂತಿಕದ ಮರುದಿನ ಡೊಂಬಿವಿಲಿಯ ಅಕ್ಕನ ಮನೆಯಲ್ಲಿ ಅಮ್ಮನ ಎದುರು ನಾವು ಮೂವರೂ ಕೂತು ಗಾಳಿಪಟದ ಕಥೆಯನ್ನು ಒಪ್ಪಿಕೊಂಡೆವು. ಅಮ್ಮ ಅಕ್ಕಿ ಆರಿಸುತ್ತಿದ್ದಳು, ತಲೆಯೆತ್ತಲಿಲ್ಲ.

"ಲಂಗ ವಾಪಸು ಬಂದ ಮರುದಿನ ಬೆಳಿಗ್ಗೆಯೇ ನೋಡಿದ್ದೆ. ಸೀಸೆಯಲ್ಲಿ ಎಣ್ಣೆ ಬೆಣ್ಣೆಯ ಹಾಗೆ ಕೂತಿತ್ತು."

ಹಾಗಾದರೆ ತಿಳಿಯುವುದಿಲ್ಲವೆಂದು ಅಪ್ಪಯ್ಯನನ್ನು ಏಕೆ ಕರೆದೆ ಎಂದು ಕೇಳಿದೆವು.

"ಒಂದು ವರ್ಷವಾಗಿತ್ತಲ್ಲ, ಅವರು ಸ್ಕ್ರೂಡ್ರೈವರ್ ಹಿಡಿಯದೆ," ಎಂದಳು. ಮೊರವನ್ನು ಬದಿಗಿಟ್ಟು, ಅಕ್ಕನ ಮಗಳ ರವಿಕೆಯ ತೋಳು ಬಿಚ್ಚಿದೆ, ಮಿಷನ್ನಿಗೆ ದಾರ ಪೋಣಿಸಿಕೊಡಿ, ಈಗ ಕಣ್ಣು ಕಾಣುವುದಿಲ್ಲ ಎಂದಳು. ಅಣ್ಣ ಎದ್ದು ಮೊದಲು ಪಾದವನ್ನು ಮೇಲಕ್ಕೆತ್ತಿದ.