ಭೀಮನಕೊಳ್ಳದ ಮೆಟ್ಟಿಲುಗಳ ಮೇಲೆ

ಯುಗಾದಿ ಸಮೀಪಿಸಿತೆಂದರೆ ಉತ್ತರ ಕರ್ನಾಟಕದ ಹಾದಿಗಳೆಲ್ಲ ಪೂರ್ವಕ್ಕೆ ಮುಖ ಮಾಡುತ್ತವೆ. ಬೆಳಗಾವಿ, ವಿಜಯಪುರ, ಬಾಗಲಕೋಟೆ, ಕೊಪ್ಪಳ, ರಾಯಚೂರು ಜಿಲ್ಲೆಗಳ ಹಳ್ಳಿಹಳ್ಳಿಗಳಿಂದ ಮಲ್ಲಯ್ಯನ ಕಂಬಿಯನ್ನು ಹೆಗಲ ಮೇಲೆ ಹೊತ್ತ ಭಕ್ತರು ಶ್ರೀಶೈಲದ ಕಡೆಗೆ ನಡೆಯತೊಡಗುತ್ತಾರೆ. ಹನ್ನೆರಡನೆಯ ಶತಮಾನದಲ್ಲಿ ಅಕ್ಕಮಹಾದೇವಿಯು ನಡೆದ ದಿಕ್ಕು ಅದು. ಬಾಲಕ ಸಿದ್ಧರಾಮನು ಮಲ್ಲಯ್ಯನನ್ನು ಅರಸುತ್ತ ಹೋದುದೂ ಆ ದಿಕ್ಕಿಗೇ. ಭ್ರಮರಾಂಬೆಯನ್ನು ನಮ್ಮ ಜನ ಮನೆಯ ಮಗಳೆಂದು ಭಾವಿಸಿ, ತವರಿನ ಸೀರೆ ಕುಪ್ಪಸಗಳನ್ನು ಗಂಟುಕಟ್ಟಿ ಒಯ್ಯುತ್ತಾರೆ. ಮಗಳ ಮನೆಗೆ ಹೊರಟವರಿಗೆ ದಾರಿ ದೂರವೆನಿಸುವುದುಂಟೆ?

ಆದರೆ ಭಾವಕ್ಕೆ ದೂರವಿಲ್ಲದಿದ್ದರೂ ಕಾಲಿಗೆ ದೂರವಿದೆ. ಈ ಮಾತನ್ನು ನಾವು ಅರಿತುಕೊಂಡದ್ದು ನಲ್ಲಮಲ ಅಡವಿಯ ನಡುವೆ. ಆ ಅನುಭವವನ್ನು ಓದುಗ ಬಂಧುಗಳ ಮುಂದೆ ಇಡುವುದು ಈ ಲೇಖನದ ಉದ್ದೇಶ.

ಹನ್ನೊಂದು ಜನರ ತಂಡ

ಲಿಂಗಸುಗೂರು ಸೀಮೆಯ ನಮ್ಮ ಹಳ್ಳಿಯಿಂದ ನಾವು ಹೊರಟವರು ಹನ್ನೊಂದು ಮಂದಿ. ಅರವತ್ತನಾಲ್ಕು ವರ್ಷದ ನಮ್ಮ ದೊಡ್ಡಪ್ಪನವರೇ ಮುಂದಾಳು. ಅವರ ತಂದೆ ಹೊತ್ತಿದ್ದ ಕಂಬಿಯನ್ನು ಇಪ್ಪತ್ತು ವರ್ಷಗಳಿಂದ ಅವರೇ ಹೊರುತ್ತ ಬಂದಿದ್ದರು. ಈ ಸಲ ತಂಡದಲ್ಲಿ ಅವರ ತಮ್ಮನ ಮಗಳೂ ಇದ್ದಳು. ಆಕೆ ಆಸ್ಪತ್ರೆಯೊಂದರಲ್ಲಿ ನರ್ಸ್ ಆಗಿ ಕೆಲಸ ಮಾಡುವವಳು. ರಜೆ ಹಾಕಿ ನಮ್ಮೊಡನೆ ಬಂದಿದ್ದಳು.

ನಸುಕಿನ ನಾಲ್ಕು ಗಂಟೆಗೆ ಎದ್ದು, ಲಿಂಗಪೂಜೆ ಮುಗಿಸಿ ನಡೆಯಲಾರಂಭಿಸಿದರೆ ಬಿಸಿಲೇರುವ ತನಕ ಒಂದು ನಡಿಗೆ. ಸಂಜೆ ಇಳಿಹೊತ್ತಿನಲ್ಲಿ ಇನ್ನೊಂದು. ಹೀಗೆ ದಿನಕ್ಕೆ 25ರಿಂದ 30 ಕಿಲೋಮೀಟರುಗಳಂತೆ ರಾಯಚೂರು, ಕರ್ನೂಲು, ನಂದಿಕೊಟ್ಕೂರುಗಳನ್ನು ದಾಟಿ ಆತ್ಮಕೂರು ತಲುಪಿದೆವು. ದಾರಿಯುದ್ದಕ್ಕೂ ದಾಸೋಹ. ರೊಟ್ಟಿ, ಶೇಂಗಾಹಿಂಡಿ, ಅನ್ನ, ಸಾರು, ಮಜ್ಜಿಗೆ. ಬೇಡವೆಂದರೂ ಬಿಡದೆ ಕರೆದು ಉಣಬಡಿಸುವ ಕೈಗಳು. ಮರಗಾಲು ಕಟ್ಟಿಕೊಂಡು ಹರಕೆ ತೀರಿಸಲು ಹೊರಟಿದ್ದ ಯುವಕರೂ ಅಲ್ಲಲ್ಲಿ ಕಂಡರು. ಅವರ ನಡಿಗೆಯನ್ನು ಕಂಡಾಗ ನಮ್ಮ ಕಾಲುನೋವು ನಮಗೇ ನಾಚಿಕೆ ತರುತ್ತಿತ್ತು. ಆದುದರಿಂದಲೇ ಇರಬೇಕು, ಯಾರೂ ತಮ್ಮ ನೋವನ್ನು ಬಾಯಿಬಿಟ್ಟು ಹೇಳುತ್ತಿರಲಿಲ್ಲ.

ದೊಡ್ಡಪ್ಪನವರಂತೂ ಹೇಳುವವರೇ ಅಲ್ಲ. ಕರ್ನೂಲು ದಾಟಿದ ರಾತ್ರಿ ಶಾಲೆಯೊಂದರ ಜಗುಲಿಯ ಮೇಲೆ ಮಲಗಿದ್ದಾಗ ಅವರು ಥಟ್ಟನೆ ಎದ್ದು ಕುಳಿತು, ಮೀನಖಂಡವನ್ನು ಎರಡೂ ಕೈಗಳಿಂದ ಹಿಡಿದು ಹಲ್ಲು ಕಚ್ಚಿಕೊಂಡಿದ್ದನ್ನು ನಮ್ಮಲ್ಲೊಬ್ಬರು ಕಂಡಿದ್ದರು. ಕೇಳಿದರೆ, "ಏನಿಲ್ಲಪಾ, ಸ್ವಲ್ಪ ನರ ಹಿಡದಿತ್ತು, ಮಲ್ಕೊ" ಎಂದು ಮಾತು ತೇಲಿಸಿದ್ದರು. ದಾರಿಯಲ್ಲಿ ಮತ್ತೆ ಮತ್ತೆ ಮೂತ್ರಕ್ಕೆ ನಿಲ್ಲಬೇಕಾಗುತ್ತದೆಂದು ಅವರು ನೀರನ್ನೇ ಕಡಿಮೆ ಕುಡಿಯುತ್ತಿದ್ದರೆಂಬುದು, ಸೋಮವಾರದ ಉಪವಾಸವನ್ನು ದಾರಿಯಲ್ಲಿಯೂ ಬಿಟ್ಟಿರಲಿಲ್ಲವೆಂಬುದು ನಮಗೆ ತಿಳಿದದ್ದು ಆಮೇಲೆ.

ಅಡವಿಯ ದಾರಿ

ಆತ್ಮಕೂರಿನ ಆಚೆ ವೆಂಕಟಾಪುರದಿಂದ ಕಾಡು ಮೊದಲಾಗುತ್ತದೆ. ಇದು ಈಗ ನಾಗಾರ್ಜುನಸಾಗರ–ಶ್ರೀಶೈಲ ಹುಲಿ ಸಂರಕ್ಷಿತ ಪ್ರದೇಶಕ್ಕೆ ಸೇರಿದ ಅಡವಿ. ಶಿವರಾತ್ರಿ, ಯುಗಾದಿಗಳಂತಹ ಪರ್ವಕಾಲದಲ್ಲಿ ಮಾತ್ರ ಈ ಕಾಲುದಾರಿಯು ಯಾತ್ರಿಕರಿಗೆ ತೆರೆದಿರುತ್ತದೆ. ನಾಗಲೂಟಿಯಲ್ಲಿ ವೀರಭದ್ರನ ದರ್ಶನ, ಮುಂದೆ ಪೆದ್ದಚೆರುವು ಎಂಬ ದೊಡ್ಡಕೆರೆ, ಅದರಾಚೆ ನಮ್ಮ ಜನ ಭೀಮನಕೊಳ್ಳವೆಂದು ಕರೆಯುವ ಕಮರಿ. ಚೈತ್ರದ ಮೊದಲಿನ ಆ ದಿನಗಳಲ್ಲಿ ಎಲೆಯುದುರಿದ ಮರಗಳು ನೆರಳನ್ನೂ ಕೊಡುವುದಿಲ್ಲ. ನೆಲದ ಕಾವು ಮೇಲೆ, ಬಿಸಿಲಿನ ಝಳ ಕೆಳಗೆ. ನಡುವೆ ಮನುಷ್ಯ ಬೆವರಿನಲ್ಲಿ ತೊಯ್ದು ನಡೆಯುತ್ತಾನೆ. ನಮ್ಮ ಅಂಗಿಗಳ ಬೆನ್ನಿನ ಮೇಲೆ ಬೆವರು ಒಣಗಿ ಉಪ್ಪಿನ ಬಿಳಿಯ ಗೆರೆಗಳು ಮೂಡಿದ್ದವು. ದೇಹವು ಎಷ್ಟು ಉಪ್ಪನ್ನು ಕಳೆದುಕೊಳ್ಳುತ್ತಿದೆ ಎಂಬುದನ್ನು ಆ ಗೆರೆಗಳೇ ಹೇಳುತ್ತಿದ್ದರೂ ಓದಬಲ್ಲವರು ನಾವಾಗಿರಲಿಲ್ಲ.

ಶ್ರೀಶೈಲದ ಗಿರಿಗೆ 14ನೆಯ ಶತಮಾನದಲ್ಲಿ ಮೆಟ್ಟಿಲುಗಳನ್ನು ಕಟ್ಟಿಸಿದವನೆಂದು ರೆಡ್ಡಿ ಅರಸ ಪ್ರೋಲಯ ವೇಮಾರೆಡ್ಡಿಯ ಹೆಸರು ಇತಿಹಾಸದಲ್ಲಿ ಉಳಿದಿದೆ. ಭೀಮನಕೊಳ್ಳದಲ್ಲಿ ಕಲ್ಲುಮೆಟ್ಟಿಲುಗಳನ್ನು ಇಳಿದು, ಮತ್ತೆ ಎದುರಿನ ಕಡಿದಾದ ಏರನ್ನು ಹತ್ತಿದರೆ ಕೈಲಾಸದ್ವಾರ. ಕೊಳ್ಳವನ್ನು ಇಳಿಯುತ್ತಿದ್ದಾಗಲೇ ಮುಂದಿದ್ದ ದೊಡ್ಡಪ್ಪನವರು, "ಯಪ್ಪಾ ಮಲ್ಲಯ್ಯಾ!" ಎಂದು ಕೂಗಿ ಒಮ್ಮೆಲೆ ಕುಸಿದರು. ಕಂಬಿ ಓರೆಯಾಯಿತು. ಹಿಂದಿದ್ದವನೊಬ್ಬ ಅದನ್ನು ಹಿಡಿದುಕೊಂಡ. ಮತ್ತೊಬ್ಬ ಅವರ ರಟ್ಟೆಯನ್ನು ಹಿಡಿದ. ಒಂದು ಹೆಜ್ಜೆ ಆಚೆ ಬಿದ್ದಿದ್ದರೆ ಏನಾಗುತ್ತಿತ್ತೆಂಬುದನ್ನು ನೆನೆದರೆ ಇಂದಿಗೂ ಮೈ ನಡುಗುತ್ತದೆ.

ಮಗಳ ಕೈಯ ಉಪಚಾರ

ಅವರ ಬಲಗಾಲಿನ ಮೀನಖಂಡವು ಕಲ್ಲಿನಂತೆ ಗಂಟುಕಟ್ಟಿತ್ತು. ಚರ್ಮದ ಕೆಳಗೆ ಸ್ನಾಯು ಹೊರಳುವುದು ಕಣ್ಣಿಗೇ ಕಾಣುತ್ತಿತ್ತು. ಪಾದವು ತಾನಾಗಿಯೇ ಕೆಳಕ್ಕೆ ಬಾಗಿತ್ತು. ಒಬ್ಬರು ಗುದ್ದಲು ಹೋದರು, ಇನ್ನೊಬ್ಬರು ಕಾಲನ್ನು ತಿರುಚಲು ಹೋದರು. ಹುಡುಗಿ ಎಲ್ಲರನ್ನೂ ಸರಿಸಿ ಮುಂದೆ ಬಂದಳು.

"ದೊಡ್ಡಪ್ಪಾ, ಮೊಣಕಾಲು ಮಡಚಬ್ಯಾಡ್ರಿ, ನೆಟ್ಟಗ ಇಡ್ರಿ" ಎಂದು ಹೇಳಿ, ಒಂದು ಕೈಯಿಂದ ಹಿಮ್ಮಡಿಯನ್ನು ಹಿಡಿದು, ಇನ್ನೊಂದರಿಂದ ಪಾದದ ಬೆರಳುಗಳ ಭಾಗವನ್ನು ಅವರ ಮೊಗದ ಕಡೆಗೆ ನಿಧಾನವಾಗಿ ಒತ್ತಿ ಹಿಡಿದಳು. ಜಗ್ಗಾಡಲಿಲ್ಲ, ಬಿಡಲೂ ಇಲ್ಲ. ಅರ್ಧ ನಿಮಿಷವಾಗುವಷ್ಟರಲ್ಲಿ ಬಿಗಿತ ಸಡಿಲಿತು. ಸಡಿಲಿದ ಮೇಲೆಯೇ ಮೃದುವಾಗಿ ನೀವಿದಳು. ಸೆಳೆತಕ್ಕೊಳಗಾದ ಸ್ನಾಯು ತಾನೇ ಕುಗ್ಗಿ ಬಿಗಿದುಕೊಂಡಿರುತ್ತದೆ. ಅದನ್ನು ಎದುರು ದಿಕ್ಕಿಗೆ ಹಿಗ್ಗಿಸಿದರೆ, ಸ್ನಾಯುವಿನ ತುದಿಯ ತಂತುಗಳಲ್ಲಿರುವ ಸೂಕ್ಷ್ಮ ನರಗಳು ಬೆನ್ನುಹುರಿಗೆ ಸುದ್ದಿ ಮುಟ್ಟಿಸುತ್ತವೆ. ಅಲ್ಲಿಂದ ಸಡಿಲಗೊಳ್ಳುವ ಆಜ್ಞೆ ಬರುತ್ತದೆ. ಗುದ್ದುವುದರಿಂದ ಆಗದ ಕೆಲಸ ಹಿಗ್ಗಿಸುವುದರಿಂದ ಆಗುವುದು ಈ ಕಾರಣದಿಂದಲೇ ಎಂದು ಆಕೆ ಆಮೇಲೆ ವಿವರಿಸಿದಳು.

ಒಂದು ಲೀಟರು ನೀರಿಗೆ ಆರು ಸಣ್ಣ ಚಮಚ ಸಕ್ಕರೆ, ಅರ್ಧ ಸಣ್ಣ ಚಮಚ ಉಪ್ಪು, ಚಮಚಗಳೆಲ್ಲ ಮಟ್ಟಸ. ಆ ಅಳತೆಯಲ್ಲಿ ಪಾನಕ ಮಾಡಿ ಗುಟುಕು ಗುಟುಕಾಗಿ ಕುಡಿಸಿದಳು. ಬುತ್ತಿಯಲ್ಲಿದ್ದ ಉಪ್ಪಿನಕಾಯಿಯ ರಸವನ್ನೂ ಒಬ್ಬರು ನೆಕ್ಕಿಸಿದರು. ಹಳ್ಳಿಯ ಈ ಉಪಾಯವನ್ನು ನಗುವಂತಿಲ್ಲ. ಉಪ್ಪಿನಲ್ಲಿ ನೆನೆಸಿದ ಸೌತೆಯ ಹುಳಿರಸವು ನೀರಿಗಿಂತ ಬೇಗ ಸೆಳೆತವನ್ನು ಬಿಡಿಸುತ್ತದೆಂದು 2010ರಲ್ಲಿ ಅಮೆರಿಕದ ಸಂಶೋಧಕರು ಪ್ರಯೋಗದಿಂದ ತೋರಿಸಿದ್ದಾರೆ. ಉಪ್ಪು ರಕ್ತಕ್ಕೆ ಸೇರುವ ಮುನ್ನವೇ ಪರಿಣಾಮ ಕಂಡುದರಿಂದ, ಗಂಟಲಿನಿಂದ ಹೊರಡುವ ನರಗಳ ಪ್ರತಿಕ್ರಿಯೆಯೇ ಅದಕ್ಕೆ ಕಾರಣವಿರಬಹುದೆಂದು ಅವರ ಊಹೆ. ಆದರೆ ರಕ್ತದೊತ್ತಡ, ಮೂತ್ರಪಿಂಡದ ತೊಂದರೆಗಳಿದ್ದವರು ಉಪ್ಪಿನಕಾಯಿಯನ್ನೇ ಮದ್ದೆಂದು ನಂಬಬಾರದು.

ಕಂಬಿ ಯಾರ ಹೆಗಲಿಗೆ?

ಅರ್ಧ ಗಂಟೆಯ ನಂತರ ದೊಡ್ಡಪ್ಪನವರು ಎದ್ದು ಕಂಬಿಗೆ ಕೈ ಚಾಚಿದರು. ಹತ್ತು ಮೆಟ್ಟಿಲು ಇಳಿಯುವಷ್ಟರಲ್ಲಿ ಎಡಗಾಲೂ ಹಿಡಿಯಿತು. ಹುಡುಗಿ ಮತ್ತೆ ಉಪಚರಿಸಿದಳು, ಆದರೆ ಈ ಸಲ ಖಂಡಿತವಾಗಿ ನುಡಿದಳು: "ಇನ್ನ ಕಂಬಿ ಹೊರೂದು ಬ್ಯಾಡ್ರಿ ದೊಡ್ಡಪ್ಪಾ. ಬಿಸಲು ಇಳಿಯೂ ತನಕ ಇಲ್ಲೇ ಕೂಡೂಣು."

"ನಮ್ಮಪ್ಪ ಹೊತ್ತದ್ದು ತಂಗಿ. ಅರ್ಧ ದಾರ್ಯಾಗ ಇಳಿಸಿದರ ಹರಕಿ ಮುರದಂಗ" ಎಂದರು ಅವರು. ಮುಖದ ಮೇಲೆ ನೋವಿಗಿಂತ ಅವಮಾನವೇ ಹೆಚ್ಚಾಗಿ ಕಾಣುತ್ತಿತ್ತು. ನಮ್ಮಲ್ಲಿಯೂ ಎರಡು ಪಂಗಡಗಳಾದವು. ಮಲ್ಲಯ್ಯ ನಡೆಸುತ್ತಾನೆ, ಹೊರಲಿ ಎಂದವರು ಕೆಲವರು. ಹಿಂದಕ್ಕೆ ಕರೆದೊಯ್ಯೋಣವೆಂದವರು ಕೆಲವರು.

ಆಗ ಆ ಹುಡುಗಿ ಹೇಳಿದ ಮಾತನ್ನು ನಾವು ಮರೆತಿಲ್ಲ: "ಕಂಬಿ ಇಳಸಬ್ಯಾಡ್ರಿ. ಹೆಗಲು ಅಷ್ಟ ಬದಲಿ ಮಾಡ್ರಿ. ಅಜ್ಜನೂ ನಿಮಗ ಒಂದಿನ ಹೆಗಲು ಬದಲಿ ಮಾಡೇ ಕೊಟ್ಟಾನಲ್ರಿ."

ದೊಡ್ಡಪ್ಪನವರು ಬಹಳ ಹೊತ್ತು ಮಾತನಾಡಲಿಲ್ಲ. ಕೊನೆಗೆ ತಮ್ಮ ಮಗನನ್ನು ಕರೆದು ಕಂಬಿಯನ್ನು ಅವನ ಹೆಗಲ ಮೇಲೆ ತಾವೇ ಇಟ್ಟರು, ವಿಭೂತಿ ಹಚ್ಚಿದರು, ಕಣ್ಣೊರೆಸಿಕೊಂಡರು. ಬಿಸಿಲು ಇಳಿಯುವವರೆಗೆ ಕೊಳ್ಳದ ನೆರಳಿನಲ್ಲಿ ಕುಳಿತೆವು. ಆಮೇಲೆ ಕೋಲೂರಿಕೊಂಡು, ಇಪ್ಪತ್ತು ಮೆಟ್ಟಿಲಿಗೊಮ್ಮೆ ನಿಂತು, ದೀಪ ಹಚ್ಚುವ ಹೊತ್ತಿಗೆ ಅವರು ಕೈಲಾಸದ್ವಾರವನ್ನು ತಲುಪಿದರು. ತಂಡದ ಉಳಿದ ಹತ್ತೂ ಜನ ಅವರ ಹಿಂದೆಯೇ ನಡೆದೆವು. ಅವರನ್ನು ಬಿಟ್ಟು ಮುಂದೆ ಹೋಗುವ ಅವಸರ ಯಾರಿಗೂ ಇರಲಿಲ್ಲ.

ವೈದ್ಯರು ಕೇಳಿದ ಪ್ರಶ್ನೆಗಳು

ಯಾತ್ರಿಕರಿಗಾಗಿ ತೆರೆದಿದ್ದ ಚಿಕಿತ್ಸಾ ಶಿಬಿರದಲ್ಲಿದ್ದ ವೈದ್ಯರು ಕಾಲನ್ನು ನೋಡುವ ಮೊದಲು ಪ್ರಶ್ನೆಗಳನ್ನೇ ಕೇಳಿದರು. ಯಾವ ಮಾತ್ರೆ ನುಂಗುತ್ತೀರಿ? ಎಷ್ಟು ನೀರು ಕುಡಿದಿರಿ? ಮೂತ್ರದ ಬಣ್ಣ ಹೇಗಿದೆ? ಆಗ ಗುಟ್ಟು ಬಯಲಾಯಿತು. ರಕ್ತದೊತ್ತಡಕ್ಕೆಂದು ಅವರು ತೆಗೆದುಕೊಳ್ಳುತ್ತಿದ್ದ ಮಾತ್ರೆ ಮೂತ್ರವನ್ನು ಹೆಚ್ಚಿಸಿ ನೀರು, ಲವಣಗಳನ್ನು ಹೊರಹಾಕುವ ಬಗೆಯದು. ಒಂದು ಕಡೆ ಮಾತ್ರೆ, ಇನ್ನೊಂದು ಕಡೆ ಬೆವರು, ಮೇಲೆ ಉಪವಾಸ, ಕುಡಿಯದ ನೀರು, ದಿನಗಟ್ಟಲೆ ದಣಿದ ಸ್ನಾಯು. ಇವೆಲ್ಲ ಸೇರಿದ ಮೇಲೆ ಕಾಲು ಹಿಡಿಯದೆ ಇರುವುದೇ ಆಶ್ಚರ್ಯ ಎಂದರು ವೈದ್ಯರು. ಆದರೆ ಮಾತ್ರೆಯನ್ನು ತಾವಾಗಿ ಬಿಡಬಾರದು. ಯಾತ್ರೆಗೆ ಹೊರಡುವ ಮೊದಲೇ ತಮ್ಮ ವೈದ್ಯರನ್ನು ಕಂಡು ಪ್ರಮಾಣವನ್ನು ಕೇಳಿಕೊಳ್ಳಬೇಕು ಎಂದು ಎಚ್ಚರಿಸಿದರು.

ಕಾಲುನೋವೆಲ್ಲ ಸೆಳೆತವಲ್ಲವೆಂಬುದನ್ನೂ ಅವರು ತಿಳಿಸಿದರು. ಒಂದೇ ಕಾಲು ಬಾತು, ಬಿಸಿಯಾಗಿ, ಕೆಂಪೇರಿ ನೋಯುತ್ತಿದ್ದರೆ ರಕ್ತನಾಳದಲ್ಲಿ ಹೆಪ್ಪುಗಟ್ಟಿರಬಹುದು. ಅಂತಹ ಕಾಲನ್ನು ತಿಕ್ಕದೆ ಕೂಡಲೇ ಆಸ್ಪತ್ರೆಗೆ ಹೋಗಬೇಕು. ಇಂತಿಷ್ಟು ದೂರ ನಡೆದಾಗಲೆಲ್ಲ ಮೀನಖಂಡ ನೋಯುವುದು, ನಿಂತರೆ ಬಿಡುವುದು ಎಂದಾದರೆ ಕಾಲಿಗೆ ರಕ್ತದ ಹರಿವು ಕುಂದಿರುವ ಸೂಚನೆ. ಬೀಡಿ ಸಿಗರೇಟು ಸೇದುವವರಲ್ಲಿ, ಸಕ್ಕರೆ ಕಾಯಿಲೆಯವರಲ್ಲಿ ಇದು ಹೆಚ್ಚು. ಬಿಸಿಲಿನಲ್ಲಿ ಸೆಳೆತದ ಜೊತೆಗೆ ಮಾತು ತೊದಲಿದರೆ, ಗೊಂದಲ ಉಂಟಾದರೆ, ಮೂತ್ರವು ಕಪ್ಪು ಚಹಾದ ಬಣ್ಣಕ್ಕೆ ತಿರುಗಿದರೆ ಒಂದು ಗಳಿಗೆಯನ್ನೂ ಕಳೆಯಬಾರದು. ಹಾಗೆಯೇ ಹೆದರಿಕೆಯಿಂದ ಬರಿಯ ನೀರನ್ನೇ ಮಿತಿಮೀರಿ ಕುಡಿಯುವುದೂ ತಪ್ಪು. ಅದರಿಂದ ರಕ್ತದ ಉಪ್ಪಿನಂಶ ಇಳಿದು ಬೇರೆಯ ಅಪಾಯ ಬರುತ್ತದೆ.

ಮನೆಯಲ್ಲಿದ್ದವರಿಗೂ

ಯಾತ್ರೆಗೆ ಹೋಗದವರಿಗೂ ಈ ಪೀಡೆ ತಪ್ಪಿದ್ದಲ್ಲ. ವಯಸ್ಸಾದವರಲ್ಲಿ, ಬಸುರಿಯರಲ್ಲಿ, ಡಯಾಲಿಸಿಸ್ ಮಾಡಿಸಿಕೊಳ್ಳುವವರಲ್ಲಿ ಸೆಳೆತ ಮತ್ತೆ ಮತ್ತೆ ಕಾಣಿಸುತ್ತದೆ. ನಡುರಾತ್ರಿ ಕಾಲು ಹಿಡಿದಾಗ ಹಾಸಿಗೆಯಲ್ಲೇ ಮೊಣಕಾಲನ್ನು ನೆಟ್ಟಗೆ ಮಾಡಿ ಬೆರಳುಗಳನ್ನು ತಮ್ಮತ್ತ ಎಳೆದುಕೊಳ್ಳಬೇಕು. ಕೈಗೆಟುಕದಿದ್ದರೆ ಪಂಚೆಯನ್ನೋ ವಲ್ಲಿಯನ್ನೋ ಪಾದಕ್ಕೆ ಸುತ್ತಿ ಎಳೆಯಬಹುದು. ಮಲಗುವ ಮುನ್ನ ಗೋಡೆಗೆ ಎದುರಾಗಿ ನಿಂತು, ಅಂಗೈಗಳನ್ನು ಊರಿ, ಒಂದು ಕಾಲನ್ನು ಹಿಂದಿಟ್ಟು, ಹಿಮ್ಮಡಿ ನೆಲ ಬಿಡದಂತೆ ಮುಂದಕ್ಕೆ ಬಾಗುವುದು ಒಳ್ಳೆಯ ಅಭ್ಯಾಸ. ಆರು ವಾರ ಪ್ರತಿರಾತ್ರಿ ಹೀಗೆ ಸ್ನಾಯುಗಳನ್ನು ಹಿಗ್ಗಿಸಿದ ಹಿರಿಯರಲ್ಲಿ ಸೆಳೆತ ಕಡಿಮೆಯಾದುದನ್ನು ನೆದರ್ಲೆಂಡಿನ ಸಂಶೋಧಕರು 2012ರಲ್ಲಿ ವರದಿ ಮಾಡಿದ್ದಾರೆ.

ಹಿಂದೆ ಈ ಪೀಡೆಗೆ ಕ್ವಿನೈನ್ ಕೊಡುವ ರೂಢಿಯಿತ್ತು. ರಕ್ತಕ್ಕೂ ಹೃದಯಕ್ಕೂ ಅದರಿಂದಾಗುವ ಅಪಾಯಗಳನ್ನು ಕಂಡು, ವೈದ್ಯರ ಚೀಟಿಯಿಲ್ಲದೆ ರಾತ್ರಿಯ ಸೆಳೆತಕ್ಕೆ ಅದನ್ನು ಮಾರುವುದನ್ನು ಅಮೆರಿಕವು 1994ರಲ್ಲಿಯೇ ನಿಲ್ಲಿಸಿತು. ಮೆಗ್ನೀಸಿಯಂ ಮಾತ್ರೆಗಳಿಂದಲೂ ವಯಸ್ಸಾದವರ ಸೆಳೆತಕ್ಕೆ ಹೇಳಿಕೊಳ್ಳುವಂತಹ ಉಪಯೋಗವಿಲ್ಲವೆಂಬುದು 2020ರ ಪರಿಶೀಲನೆಯ ತೀರ್ಮಾನ. ಆದುದರಿಂದ ಯಾರೋ ಹೇಳಿದರೆಂದು ಮಾತ್ರೆ ತಂದು ನುಂಗುವುದಕ್ಕಿಂತ ಗೋಡೆಯ ಮುಂದೆ ಐದು ನಿಮಿಷ ನಿಲ್ಲುವುದು ಲೇಸು.

ಮರುದಿನ ನಸುಕಿನಲ್ಲಿ ಹಾಟಕೇಶ್ವರದ ಮೇಲಿಂದ ನಡೆದು ಶ್ರೀಶೈಲವನ್ನು ಸೇರಿದೆವು. ಸರತಿಯಲ್ಲಿ ನಿಂತು ಮಲ್ಲಿಕಾರ್ಜುನನ ದರ್ಶನ ಪಡೆದು, ಭ್ರಮರಾಂಬೆಗೆ ತವರಿನ ಸೀರೆ ಒಪ್ಪಿಸಿದೆವು. ದೊಡ್ಡಪ್ಪನವರು ಏನು ಬೇಡಿಕೊಂಡರೋ ನಾವು ಕೇಳಲಿಲ್ಲ. ಹೊರಗೆ ಬಂದು ಮಗನ ಹೆಗಲು ಮುಟ್ಟಿ, "ಭಾರ ಆತೇನೋ ತಮ್ಮಾ?" ಎಂದಷ್ಟೇ ಕೇಳಿದರು.

ಈಗ ನಮ್ಮ ತಂಡದಲ್ಲಿ ಕೆಲವು ನಿಯಮಗಳಾಗಿವೆ. ಹೊರಡುವ ಎರಡು ತಿಂಗಳ ಮೊದಲಿನಿಂದಲೇ ದಿನಾಲು ನಡೆದು ಕಾಲನ್ನು ಪಳಗಿಸುವುದು, ಹೊತ್ತುಹೊತ್ತಿಗೆ ನೀರು ಮಜ್ಜಿಗೆ ಕುಡಿಯುವುದು, ಕಂಬಿಯನ್ನು ಸರದಿಯ ಮೇಲೆ ಹೊರುವುದು. ಎಲ್ಲಕ್ಕಿಂತ ಮಿಗಿಲಾಗಿ, ನೋವನ್ನು ಮುಚ್ಚಿಡದಿರುವುದು. ದೊಡ್ಡಪ್ಪನವರು ಪ್ರತಿರಾತ್ರಿ ಪಡಸಾಲೆಯ ಗೋಡೆಗೆ ಕೈಯೂರಿ ನಿಲ್ಲುತ್ತಾರೆ. ಮೊಮ್ಮಕ್ಕಳು ನಗುತ್ತ ಅವರ ಪಕ್ಕದಲ್ಲಿ ಸಾಲಾಗಿ ನಿಲ್ಲುತ್ತವೆ. ಮುಂದೊಂದು ದಿನ ಆ ಕಂಬಿಗೆ ಹೆಗಲು ಕೊಡುವವರು ಅವರೇ ತಾನೆ!

ಹಾದಿಗೆ ಹೊರಟ ಬಂಧುಗಳಿಗೆಲ್ಲ ಶರಣು.