ಹದಿನಾರು ಗಂಟೆ ಸಾಲದು

ನಮ್ಮ ಮಕ್ಕಳು ವಿದೇಶಕ್ಕೆ ಹೊರಡುವುದು ಸಾಮಾನ್ಯವಾಗಿ ಕಳ್ಳರು ಓಡಾಡುವ ಹೊತ್ತಿನಲ್ಲಿ. ರಾತ್ರಿ ಊಟ ಮುಗಿಸಿ ಮನೆ ಬಿಟ್ಟು, ಹೆಬ್ಬಾಳ ದಾಟಿ ದೇವನಹಳ್ಳಿ ಸೇರಿ, ಅಪ್ಪ, ಅಮ್ಮ, ಚಿಕ್ಕಮ್ಮ, ಪಕ್ಕದ ಮನೆಯವರು ಎಲ್ಲರೂ ಆಕಳಿಸುತ್ತ ನಿಂತರೆ, ವಿಮಾನ ಏಳುವುದು ಬೆಳಗಿನ ಜಾವ. ಒಳ್ಳೆಯ ಕೆಲಸಕ್ಕೆ ಹೊರಟವರಿಗೆ ಇದೆಂಥ ಮುಹೂರ್ತ ಎಂದು ಕೇಳಿದರೆ, ಅದಕ್ಕೆ ಕಾರಣ ಆಚೆ ಕಡೆ ಇದೆ. ಅನೇಕರು ವಿಮಾನ ಬದಲಿಸುವ ಫ್ರಾಂಕ್‌ಫರ್ಟಿನಲ್ಲಿ ರಾತ್ರಿ ಹನ್ನೊಂದರಿಂದ ಬೆಳಗ್ಗೆ ಐದರವರೆಗೆ ವಿಮಾನ ಇಳಿಯುವಂತಿಲ್ಲ, ಏರುವಂತಿಲ್ಲ. ಸುತ್ತಲಿನ ಊರಿನವರ ನಿದ್ದೆಗಾಗಿ 2011ರಲ್ಲಿ ಕೋರ್ಟೇ ಹಾಗೆಂದಿತು. ಅಲ್ಲಿಂದ ಅಮೆರಿಕಕ್ಕೆ ಹೋಗುವ ವಿಮಾನಗಳು ಹೊರಡುವುದೂ ಹಗಲಿನಲ್ಲೇ. ಹತ್ತು ಗಂಟೆ ಪ್ರಯಾಣ, ಮೂರೂವರೆ ನಾಲ್ಕೂವರೆ ಗಂಟೆ ಗಡಿಯಾರದ ವ್ಯತ್ಯಾಸ ಲೆಕ್ಕ ಹಾಕಿ ಹಿಂದೆ ಬಂದರೆ, ನಮ್ಮ ನಡುರಾತ್ರಿಗೇ ಬಂದು ನಿಲ್ಲುತ್ತೀರಿ. ಜರ್ಮನಿಯವರು ನೆಮ್ಮದಿಯಾಗಿ ಮಲಗಲಿ ಎಂದು ಬಸವನಗುಡಿಯ ಚಿಕ್ಕಮ್ಮ ಎದ್ದಿರಬೇಕು.

ಅದಕ್ಕೂ ಮೊದಲು ಪೆಟ್ಟಿಗೆಯ ಪುರಾಣ. ಒಬ್ಬರಿಗೆ ಎರಡು ಪೆಟ್ಟಿಗೆ, ಒಂದೊಂದಕ್ಕೆ 23 ಕಿಲೋ. ಇಪ್ಪತ್ತು ವರ್ಷದ ಬದುಕನ್ನು ಇಷ್ಟರಲ್ಲಿ ತುಂಬು ಎಂದರೆ ಮೊದಲು ಒಳಗೆ ಹೋಗುವುದು ಪ್ರೆಷರ್ ಕುಕ್ಕರ್. ಅದರ ಹೊಟ್ಟೆಯೊಳಗೆ ಸಾರಿನ ಪುಡಿ, ಎರಡು ಗ್ಯಾಸ್ಕೆಟ್ಟು, ಸಂದಿನಲ್ಲಿ ಕಾಲುಚೀಲ. ಕೊಕ್ಕೆ ತಕ್ಕಡಿಗೆ ಸಿಕ್ಕಿಸಿ ಅಪ್ಪ ಉಸಿರುಗಟ್ಟಿ ಎತ್ತುತ್ತಾರೆ.

"ಹುಳಿಪುಡಿ ಇನ್ನೂ ಅರ್ಧ ಕೆಜಿ ಹಿಡಿಯುತ್ತೆ ಕಣೋ."

"ಅಲ್ಲೂ ಅಂಗಡಿ ಇದೆಯಮ್ಮ."

"ಅಂಗಡಿ ಇರುತ್ತೆ. ನಮ್ಮನೆ ಪುಡಿ ಇರುತ್ತಾ?"

ಈ ವಾದದಲ್ಲಿ ಗೆದ್ದ ಮಗನನ್ನು ನಾನು ಕಂಡಿಲ್ಲ. ಜೀನ್ಸ್ ಪ್ಯಾಂಟು ಹೊರಗೆ, ಹುಳಿಪುಡಿ ಒಳಗೆ.

ಅಮ್ಮಂದಿರ ಆಟ ನಡೆಯದಿರುವುದು ಕೊಬ್ಬರಿಯ ಮುಂದೆ. 2022ರಲ್ಲಿ ಅದನ್ನು ವಿಮಾನಯಾನದ ಅಪಾಯಕಾರಿ ವಸ್ತುಗಳ ಪಟ್ಟಿಗೆ ಸೇರಿಸಿ, ಪೆಟ್ಟಿಗೆಯಲ್ಲಿ ಹಾಕಬಾರದೆಂದರು. ಎಣ್ಣೆಯಂಶ ಹೆಚ್ಚಾದ್ದರಿಂದ ತಾನೇ ಕಾವು ಏರಿ ಹೊತ್ತಿಕೊಳ್ಳಬಹುದಂತೆ. ತಿಪಟೂರಿನ ಮಂಡಿಯಲ್ಲಿ ಮೂಟೆಗಟ್ಟಲೆ ತೆಪ್ಪಗೆ ಕುಳಿತಿರುವ ಪದಾರ್ಥಕ್ಕೆ ಬಂದ ಬಿರುದು ನೋಡಿ! ಕರಿಬೇವಿನದು ಇನ್ನೊಂದು ಕಥೆ. ಹಸಿ ಸೊಪ್ಪು ಅಮೆರಿಕದೊಳಗೆ ಬರುವ ಹಾಗಿಲ್ಲ. ಕರಿಬೇವೂ ಕಿತ್ತಳೆಯೂ ಒಂದೇ ಕುಟುಂಬದ ಗಿಡಗಳು. ಕಿತ್ತಳೆ ತೋಟಗಳನ್ನು ಒಣಗಿಸುವ ರೋಗ ಹರಡುವ ಪುಟ್ಟ ಕೀಟ ಕರಿಬೇವಿನ ಎಲೆಯ ಮೇಲೂ ಮೊಟ್ಟೆಯಿಡುತ್ತದೆ. ಫ್ಲಾರಿಡಾದ ಕಿತ್ತಳೆ ಬೆಳೆಗಾರ ನಮ್ಮ ಒಗ್ಗರಣೆಗೆ ಹೆದರುವುದರಲ್ಲಿ ಅರ್ಥವಿದೆ.

ಇನ್ನು ವಿಮಾನದೊಳಗೆ. ಹೊರಗೆ ಮೂವತ್ತೈದು ಸಾವಿರ ಅಡಿ ಎತ್ತರವಿದ್ದರೂ ಒಳಗಿನ ಗಾಳಿಯ ಒತ್ತಡ ಆರರಿಂದ ಎಂಟು ಸಾವಿರ ಅಡಿ ಬೆಟ್ಟದ ಮೇಲಿನಷ್ಟು. ಮುಳ್ಳಯ್ಯನಗಿರಿ 1,930 ಮೀಟರ್, ಅಂದರೆ ಆರು ಸಾವಿರದ ಮುನ್ನೂರು ಅಡಿ ಚಿಲ್ಲರೆ. ಹಾಗಾಗಿ ನೀವು ರಾತ್ರಿಯಿಡೀ ಮುಳ್ಳಯ್ಯನಗಿರಿಯ ನೆತ್ತಿಯಲ್ಲಿ ಕುರ್ಚಿ ಹಾಕಿಕೊಂಡು ಕೂತಿರುತ್ತೀರಿ, ಮಂಜು ಮಾತ್ರ ಇಲ್ಲ. ಗಾಳಿ ಒಣಗಿ ಮೂಗು ಕಟ್ಟುತ್ತದೆ. ನಾಲಗೆಗೆ ಉಪ್ಪೂ ಸಿಹಿಯೂ ಮಂಕಾಗುತ್ತವೆ. ಅಡುಗೆಯವರನ್ನು ಬೈಯುವ ಮೊದಲು ಇದು ಗೊತ್ತಿರಲಿ. ಇನ್ನೊಂದು ಗೊತ್ತಿರಲಿ: ಟಿಕೆಟ್ಟಿನಲ್ಲಿ 'ಹಿಂದೂ ಮೀಲ್' ಎಂದು ಆರಿಸಿದರೆ ಕೋಳಿ ಬರಬಹುದು. ದನದ ಮಾಂಸ, ಹಂದಿ ಮಾಂಸ ಇಲ್ಲವೆಂಬುದಷ್ಟೇ ಅದರ ಖಾತ್ರಿ. ಸಸ್ಯಾಹಾರಿಗಳು ಕೇಳಬೇಕಾದದ್ದು 'ಏಷ್ಯನ್ ವೆಜಿಟೇರಿಯನ್'. ಮಡಿ ಹೆಂಗಸರು ಬಾಣಂತನಕ್ಕೆ ಹೊರಟಾಗ ಈ ಗುಂಡಿ ಒತ್ತುವ ಕೆಲಸವನ್ನು ಅಳಿಯಂದಿರಿಗೆ ಬಿಡಬಾರದು.

ಒಮ್ಮೆ ನನ್ನ ಪಕ್ಕದ ಸೀಟಿನಲ್ಲಿ ದಾವಣಗೆರೆಯ ಹುಡುಗ. ಎಂ.ಎಸ್. ಮಾಡಲು ಕ್ಯಾಲಿಫೋರ್ನಿಯಾಕ್ಕೆ, ಮೊದಲ ವಿಮಾನ. ತೊಡೆಯ ಮೇಲೆ ಪ್ಲಾಸ್ಟಿಕ್ ಫೈಲು, ಅದರಲ್ಲಿ ಕಾಲೇಜು ಕೊಟ್ಟ ಐ-20 ಎಂಬ ಪ್ರವೇಶಪತ್ರ. ಸಿನಿಮಾ ಹಾಕುತ್ತಾನೆ, ನಿಲ್ಲಿಸುತ್ತಾನೆ, ಫೈಲು ತೆಗೆದು ಸಹಿ ಇದೆಯೇ ಎಂದು ನೋಡುತ್ತಾನೆ. ಊಟ ಬಂದಾಗಲೂ ಫೈಲನ್ನು ಕಂಕುಳಲ್ಲಿ ಇಟ್ಟುಕೊಂಡೇ ಉಂಡ. "ಅಂಕಲ್, ಇಳಿದ ತಕ್ಷಣ ಇದನ್ನೇ ಕೇಳ್ತಾರಾ?" ಎಂದ. "ಕೇಳ್ತಾರಪ್ಪ, ಈಗ ಮಲಗು" ಎಂದೆ. ಮಲಗಲಿಲ್ಲ.

ಎಲ್ಲರೂ ಈ ಪ್ರಯಾಣ ಉದ್ದ ಉದ್ದ ಎಂದು ನರಳುತ್ತಾರೆ. ಆ ಹುಡುಗನನ್ನು ನೋಡಿದ ಮೇಲೆ ನನಗೆ ಅನ್ನಿಸಿದ್ದು ಇದು ತೀರಾ ಗಿಡ್ಡವೆಂದು. ಕವಿ ವಿ.ಕೃ. ಗೋಕಾಕರು 1936ರಲ್ಲಿ ಆಕ್ಸ್‌ಫರ್ಡಿಗೆ ಹೋದದ್ದು ಹಡಗಿನಲ್ಲಿ. ಆಗ ಮುಂಬಯಿಯಿಂದ ಏಡನ್, ಸೂಯೆಜ್ ಹಾದು ಇಂಗ್ಲೆಂಡ್ ಸೇರಲು ಎರಡು ಮೂರು ವಾರ ಬೇಕಿತ್ತು. ಹಡಗಿನ ಗಡಿಯಾರವನ್ನು ಸ್ವಲ್ಪ ಸ್ವಲ್ಪವೇ ಹಿಂದಕ್ಕೆ ತಿರುಗಿಸುತ್ತಿದ್ದರು. ಮೈಯೊಳಗಿನ ಗಡಿಯಾರವೂ ಸರಿಹೋಗುವುದು ಹೆಚ್ಚುಕಡಿಮೆ ದಿನಕ್ಕೊಂದು ಗಂಟೆಯಂತೆ, ಅದಕ್ಕಿಂತ ಅವಸರ ಅದಕ್ಕಾಗದು. ಅಳಲು ಒಂದು ವಾರ, ಕಡಲು ನೋಡಲು ಒಂದು ವಾರ, ಚಮಚ ಮುಳ್ಳು ಹಿಡಿಯುವುದನ್ನು ಕಲಿಯಲು ಇನ್ನೊಂದು ವಾರ. ಗೋಕಾಕರಿಗಂತೂ 'ಸಮುದ್ರ ಗೀತೆಗಳು' ದೊರಕಿದ್ದೂ ಅಲ್ಲಿಂದಲೇ. ಈಗ ಬೆಂಗಳೂರಿನಿಂದ ಸ್ಯಾನ್ ಫ್ರಾನ್ಸಿಸ್ಕೋಗೆ ಸುಮಾರು 14,000 ಕಿಲೋಮೀಟರ್. 2021ರ ಜನವರಿಯಲ್ಲಿ ನೇರ ವಿಮಾನ ಶುರುವಾದಾಗ ಅದು ಹದಿನಾರು ಹದಿನೇಳು ಗಂಟೆಯ ದಾರಿಯಾಯಿತು. ಮಧ್ಯಾಹ್ನ ಹತ್ತಿದವರು ಅದೇ ತಾರೀಕಿನ ಸಂಜೆ ಇಳಿದುಬಿಡುತ್ತಿದ್ದ ಪವಾಡ. ಬೆಳಗ್ಗೆ ಅಮ್ಮನ ಕೈಯ ಮೊಸರನ್ನ ಉಂಡವನು ರಾತ್ರಿ ಸ್ಯಾನ್ ಹೊಸೆಯಲ್ಲಿ ನಾಲ್ವರು ರೂಮ್‌ಮೇಟ್‌ಗಳ ನಡುವೆ ಪಾತ್ರೆ ತೊಳೆಯುವ ಪಾಳಿ ಬರೆದುಕೊಳ್ಳಬೇಕಿತ್ತು. ನಡುವೆ ದಕ್ಕಿದ್ದು ಎರಡೂವರೆ ಸಿನಿಮಾ. ಮನುಷ್ಯ ಬದಲಾಗಲು ಅಷ್ಟು ಸಾಲುವುದಿಲ್ಲ.

ಹಾಗಾಗಿ ಕಳಿಸಲು ಬರುವವರಲ್ಲಿ ಒಂದು ವಿನಂತಿ. "ಇಳಿದ ತಕ್ಷಣ ಫೋನ್ ಮಾಡು" ಎಂದು ಪೀಡಿಸಬೇಡಿ. ಅಲ್ಲಿ ಇಮಿಗ್ರೇಷನ್ ಸಾಲಿನಲ್ಲಿ ಫೋನ್ ಬಳಸುವ ಹಾಗಿಲ್ಲ, ಸಾಲು ಯಾವಾಗ ಕರಗುವುದೋ ಹೇಳಲಾಗದು. ಪೆಟ್ಟಿಗೆಯಲ್ಲಿ ತಿಂಡಿ ಇದೆಯೇ ಎಂದು ಕೇಳಿದರೆ ಇದೆ ಎಂದೇ ಹೇಳು ಎಂದು ತಿಳಿಸಿ; ಹುಳಿಪುಡಿ ಇದ್ದರೆ ತಪ್ಪಲ್ಲ, ಮುಚ್ಚಿಟ್ಟರೆ ದಂಡ. ಆಮೇಲೆ ಮನೆಗೆ ಹೋಗಿ ನೀವೂ ಸ್ವಲ್ಪ ಮಲಗಿ. ಫೋನು ತಾನಾಗಿ ಬರುತ್ತದೆ, ಅಕ್ಕಿಗೆ ನೀರೆಷ್ಟು ಇಡಬೇಕೆಂದು ಕೇಳುವುದಕ್ಕಾದರೂ.