ಅಜ್ಜನ ಮಾರಿ, ಮಾವನ ಲೆನ್ಸು

"ಇದರಾಗ ನನ್ನ ಮಾರಿ ಎಲ್ಲೈತಿ ತಮ್ಮಾ?"

ನಾನು ತೆಗೆದ ಫೋಟೋ ನೋಡಿ ನಮ್ಮೂರ ದೊಡ್ಡಾಟದ ಅಜ್ಜ ಕೇಳಿದ್ದು ಹೀಗೆ. ಕಲಾವಿದರ ಮಾಸಾಶನದ ಅರ್ಜಿಗೆ ವೇಷದಲ್ಲಿರುವ ಫೋಟೋ ಬೇಕಿತ್ತು. ಪತ್ರಿಕೋದ್ಯಮ ಓದಿದವನು ಅಂತ ನಾನೇ ಮುಂದೆ ಬಿದ್ದು ಒಪ್ಪಿಕೊಂಡಿದ್ದೆ. ಒಂದು ರಾತ್ರಿ ಪೂರ್ತಿ ತೆಗೆದದ್ದರಲ್ಲಿ ಕಿರೀಟ, ಭುಜಕೀರ್ತಿ, ಮುಖ ಎಲ್ಲಾ ಕಲಸಿಹೋಗಿತ್ತು.

ಲೆನ್ಸಿನ ತಪ್ಪಲ್ಲ. ಸೋದರಮಾವ ಸ್ಟುಡಿಯೊ ಮುಚ್ಚಿದಾಗ ಕೊಟ್ಟ ನಿಕಾನ್ 50 ಎಂಎಂ, ಎಫ್ 1.8 ಅದು. ರೀಲಿನ ಕಾಲದ್ದು, ಫೋಕಸ್ಸು, ಅಪರ್ಚರು ಎರಡನ್ನೂ ಕೈಯಲ್ಲೇ ತಿರುಗಿಸಬೇಕು. ಗೆಳೆಯನ ಡಿಎಸ್‌ಎಲ್‌ಆರ್‌ಗೆ ಹಾಕಿಕೊಂಡಿದ್ದೆ. ಕುಣಿಯುವವರ ಕಣ್ಣು ಕುಕ್ಕಬಾರದೆಂದು ಫ್ಲ್ಯಾಶ್ ಬಿಟ್ಟಿದ್ದೆ. ಬೆಳಕು ಸಾಲದೆ ಶಟರನ್ನು 1/15 ಸೆಕೆಂಡಿಗೆ ಇಳಿಸಿದೆ. 50 ಎಂಎಂ ಲೆನ್ಸಿಗೆ ಕನಿಷ್ಠ 1/50 ಇರಲಿ ಅನ್ನುವುದು ಹಳಬರ ಲೆಕ್ಕ. ಅದನ್ನು ಮರೆತಿದ್ದೆ.

ಆಮೇಲೆ ಓದಿ ತಿಳಿದುಕೊಂಡೆ. ಅಲುಗಾಟ ತಡೆಯುವ ವ್ಯವಸ್ಥೆ ಎರಡು ಕಡೆ ಇರಬಹುದು. ನಿಕಾನ್, ಕ್ಯಾನನ್ ಡಿಎಸ್‌ಎಲ್‌ಆರ್‌ಗಳಲ್ಲಿ ಅದು ಬಾಡಿಯಲ್ಲಿಲ್ಲ, ಕೆಲವು ಹೊಸ ಲೆನ್ಸುಗಳೊಳಗಿದೆ. ಹಾಗಾಗಿ ಹಳೇ ಲೆನ್ಸ್ ಹಾಕಿದರೆ ಏನೂ ಸಿಗುವುದಿಲ್ಲ. 2004ರಲ್ಲಿ ಕೋನಿಕಾ ಮಿನೋಲ್ಟಾ, 2006ರಲ್ಲಿ ಪೆಂಟಾಕ್ಸ್ ತಮ್ಮ ಡಿಎಸ್‌ಎಲ್‌ಆರ್‌ಗಳಲ್ಲಿ ಸೆನ್ಸರನ್ನೇ ಅಲುಗಿಸುವ ದಾರಿ ಹಿಡಿದವು. ಕೈ ಒಂದು ಕಡೆ ವಾಲಿದರೆ ಸೆನ್ಸರ್ ಸರಿದು ಸರಿದೂಗಿಸುತ್ತದೆ. ಆಗ ಮಾವನ ಕಾಲದ ಲೆನ್ಸಿಗೂ ಲಾಭ.

ಊರಿನವನೇ ಆದ ಇನ್ನೊಬ್ಬ ಗೆಳೆಯನ ಹತ್ತಿರ ಸೋನಿ ಎ7 ಮಾರ್ಕ್ 2 ಇತ್ತು. 2014ರ ಈ ಮಿರರ್‌ಲೆಸ್‌ನಲ್ಲಿ ಸೆನ್ಸರ್ ಅಲುಗುತ್ತದೆ. ನಿಕಾನ್ ಲೆನ್ಸಿಗೆ ಸೆನ್ಸರಿನಿಂದ 46.5 ಮಿಲಿಮೀಟರ್ ದೂರ ಬೇಕು, ಸೋನಿಯಲ್ಲಿ 18 ಮಾತ್ರ ಇದೆ. ನಡುವಿನ 28.5 ಮಿಲಿಮೀಟರನ್ನು ಒಂದು ಅಡಾಪ್ಟರ್ ತುಂಬುತ್ತದೆ. ಅದರೊಳಗೆ ಗಾಜಿಲ್ಲ, ಬರೀ ಕೊಳವೆ.

ಒಂದು ಕೆಲಸ ಮಾತ್ರ ನಾವೇ ಮಾಡಬೇಕು. ಹಳೇ ಲೆನ್ಸ್ ತಾನು ಎಷ್ಟು ಎಂಎಂ ಎಂದು ಕ್ಯಾಮೆರಾಗೆ ಹೇಳುವುದಿಲ್ಲ. ಮೆನುವಿನಲ್ಲಿ 50 ಎಂದು ತುಂಬಬೇಕು. ಟಾರ್ಚ್ ಹಿಡಿದ ಕೈ ಚೂರು ಅಲುಗಿದರೆ ಹತ್ತಿರದ ಗೋಡೆಯ ಮೇಲೆ ಬೆಳಕು ಸ್ವಲ್ಪ ಸರಿಯುತ್ತದೆ, ದೂರದ ಗೋಡೆಯ ಮೇಲೆ ಬಹಳ ಸರಿಯುತ್ತದೆ. ಲೆನ್ಸೂ ಹಾಗೇ: ಎಂಎಂ ಹೆಚ್ಚಿದಷ್ಟೂ ಚಿತ್ರ ಹೆಚ್ಚು ಸರಿಯುತ್ತದೆ. 50ರ ಜಾಗದಲ್ಲಿ 200 ತುಂಬಿದರೆ ಸೆನ್ಸರ್ ಬೇಡದಷ್ಟು ಓಡಿ, ಇರುವ ಚಿತ್ರವನ್ನೂ ಕೆಡಿಸುತ್ತದೆ.

ಮುಂದಿನ ಆಟಕ್ಕೆ ಅದನ್ನೇ ಒಯ್ದೆ. ಅದೇ 1/15. ಹಿಂದಿನ ಪರದೆ, ಕಂಬ, ಕುಳಿತಿದ್ದ ಮದ್ದಲೆಯವರ ಮುಖ ಸ್ಪಷ್ಟ. ಕುಣಿಯುತ್ತಿದ್ದ ಅಜ್ಜ ಮತ್ತೆ ಮಸುಕು! ಆಗ ತಲೆಗೆ ಹೋಯಿತು: ಈ ವ್ಯವಸ್ಥೆ ನಿಲ್ಲಿಸುವುದು ನನ್ನ ಕೈಯ ನಡುಕವನ್ನು, ಅಜ್ಜನ ಹೆಜ್ಜೆಯನ್ನಲ್ಲ. ಕುಣಿತಕ್ಕೆ 1/250 ಬೇಕು, ಅದಕ್ಕೆ ಐಎಸ್‌ಒ ಏರಿಸಬೇಕು, ಚಿತ್ರದಲ್ಲಿ ಕಾಳುಕಾಳು ಕಾಣುವುದನ್ನು ಸಹಿಸಬೇಕು.

ಕೊನೆಗೆ ನಾನು ಕಾದೆ. ಕುಣಿತ ಮುಗಿಸಿ, ಎದೆಯುಬ್ಬಿಸಿ, ಮಾತಿಗೆ ಮುಂಚೆ ಅಜ್ಜ ಒಂದು ಕ್ಷಣ ನಿಲ್ಲುತ್ತಾರೆ. ಕಂಬಕ್ಕೆ ಒರಗಿ ಆಗ ಕ್ಲಿಕ್ ಮಾಡಿದೆ. ಹಣೆಯ ಬೆವರೂ ಕಂಡಿತು.

ಹಳೇ ಲೆನ್ಸ್ ಇದ್ದವರು ಸಾಲ ಮಾಡಿ ಬಾಡಿ ಕೊಳ್ಳುವ ಮೊದಲು ನೀವು ತೆಗೆಯುವುದು ನಿಂತದ್ದೋ, ಕುಣಿಯುವುದೋ ಎಂದು ಕೇಳಿಕೊಳ್ಳಿ. ಕಂಬಕ್ಕೆ ಒರಗಲು ದುಡ್ಡು ಬೇಡ.

ಅರ್ಜಿ ಹೋಗಿದೆ, ಉತ್ತರ ಇನ್ನೂ ಬಂದಿಲ್ಲ. ಫೋಟೋದ ಇನ್ನೊಂದು ಪ್ರತಿ ಅಜ್ಜನ ಮನೆಯ ಗೋಡೆಯ ಮೇಲಿದೆ. ಬಂದವರಿಗೆಲ್ಲ ತೋರಿಸುತ್ತಾರಂತೆ: "ನಮ್ಮ ಹುಡುಗ ತಗದದ್ದು."